ಕದ್ದ ಫೋಟೊಶಾಪ್ ಯಾಕೆ? ಜಿಂಪ್ ಕಲಿಸಿ

ಮಾನ್ಯ ಸಂಪಾದಕರೇ,

ಗದಗ-ಬೆಟಗೇರಿಯಲ್ಲಿ ಲೈಟಿನ ಕಂಬ, ಬಸ್ ಸ್ಟ್ಯಾಂಡ್ ಗೋಡೆ, ಝೆರಾಕ್ಸ್ ಅಂಗಡಿಯ ಗಾಜು, ಎಲ್ಲಿ ನೋಡಿದರೂ ಒಂದೇ ಥರದ ಚೀಟಿ: ‘ಫೋಟೊಶಾಪ್, ಕೋರಲ್ ಡ್ರಾ, ಡಿಟಿಪಿ ಕಲಿಯಿರಿ, ಸರ್ಟಿಫಿಕೇಟ್ ಪಡೆಯಿರಿ’. ಹುಬ್ಬಳ್ಳಿಗೆ ಹೋದರೆ ಇನ್ನೂ ಜಾಸ್ತಿ. ಕಲಿಸಲಿ, ಬೇಡ ಅನ್ನುವುದಿಲ್ಲ. ಆದರೆ ಕಲಿಯಲು ಬಂದವರ ಕೈಗೆ ಏನು ಕೊಡ್ತಾರೆ ಅನ್ನುವುದನ್ನು ಯಾರೂ ಕೇಳುತ್ತಿಲ್ಲ. ಕದ್ದ ಫೋಟೊಶಾಪ್ ಬದಲು ಜಿಂಪ್ ಅನ್ನುವ, ಫೋಟೊ ತಿದ್ದುವ ಉಚಿತ ತಂತ್ರಾಂಶ ಕಲಿಸಿ ಅಂತ ಕೇಳಲು ಈ ಪತ್ರ.

ನಾನು ಸೀರೆ ಮಾರುವವಳು. ಬೆಟಗೇರಿಯ ಮಗ್ಗದ ಸೀರೆ, ಗಜೇಂದ್ರಗಡದ ಕಡೆಯ ಪಟ್ಟೆದಂಚು, ಒಂದಷ್ಟು ಇಳಕಲ್. ಅಂಗಡಿ ಅಂತ ಬೇರೆ ಇಲ್ಲ, ಮನೆಯ ಪಡಸಾಲೆಯಲ್ಲೇ ಎಲ್ಲ. ಗಿರಾಕಿಗಳು ಹೆಚ್ಚಾಗಿ ವಾಟ್ಸಾಪಿನವರು. ಹೀಗೆ ಮಾರುವವರಿಗೆ ಸೀರೆ ಎಷ್ಟು ಚೆನ್ನಾಗಿರಬೇಕೋ ಫೋಟೊ ಕೂಡ ಅಷ್ಟೇ ಸರಿಯಾಗಿರಬೇಕು. ರಾತ್ರಿ ಬಲ್ಬಿನ ಬೆಳಕಿನಲ್ಲಿ ತೆಗೆದ ಫೋಟೊದಲ್ಲಿ ಕುಂಕುಮದ ಕೆಂಪು ಕಿತ್ತಳೆ ಆಗಿಬಿಡುತ್ತದೆ. ದಾಳಿಂಬೆ ಬಣ್ಣ ಇಟ್ಟಿಗೆ ಬಣ್ಣ ಆಗುತ್ತದೆ. ಬೆಂಗಳೂರಿನ ಗಿರಾಕಿಯೊಬ್ಬರು ಸೀರೆ ವಾಪಸ್ ಕಳಿಸಿ, ‘ಫೋಟೋಲಿದ್ದ ಕಲರ್ರೇ ಬೇರೆ ಅಲ್ವಾ’ ಅಂದರು. ಅವರ ಮಾತು ನಿಜವೇ ಆಗಿತ್ತು. ಕೊರಿಯರ್ ಖರ್ಚು ಎರಡೂ ಕಡೆಯದು ನನ್ನ ತಲೆಗೆ ಬಂತು.

ಹಾಗಾಗಿ ಫೋಟೊ ತಿದ್ದುವುದನ್ನು ಕಲಿಯೋಣ ಅಂತ ಊರಿನ ಒಂದು ಕ್ಲಾಸಿಗೆ ಸೇರಿದೆ. ಹೆಸರು ಬೇಡ. ಫೀ ಕಟ್ಟಿದ ಮೇಲೆ ಒಂದು ಪೆನ್‌ಡ್ರೈವ್ ಕೊಟ್ಟರು, ಮನೆಯ ಲ್ಯಾಪ್‌ಟಾಪಿಗೆ ಫೋಟೊಶಾಪ್ ಹಾಕಿಕೊಳ್ಳಲು. ಜೊತೆಗೆ ಹೇಗೆ ಹಾಕಬೇಕು ಅನ್ನುವ ಚೀಟಿ. ಮೊದಲು ಆಂಟಿವೈರಸ್ ಆಫ್ ಮಾಡಿ, ನೆಟ್ ತೆಗೆಯಿರಿ, ಆಮೇಲೆ ಈ ಫೈಲ್ ಒತ್ತಿ! ಅದು ಕಳ್ಳ ಪ್ರತಿ ಅಂತ ಹೇಳಲು ಇನ್ನೇನು ಬೇಕು? ಹಾಕಿದ ಮೇಲೆ ಲ್ಯಾಪ್‌ಟಾಪ್ ತೆವಳಲು ಶುರುವಾಯಿತು. ಬ್ರೌಸರ್ ತೆರೆದರೆ ಸಾಕು, ಜೂಜಿನ ಜಾಹೀರಾತು ಮೇಲೆ ಬೀಳುತ್ತಿತ್ತು. ಅದೇ ಲ್ಯಾಪ್‌ಟಾಪಿನಲ್ಲಿ ನಾನು ಬ್ಯಾಂಕಿನ ಖಾತೆ ನೋಡುತ್ತೇನೆ. ಕೊನೆಗೆ ತಂಗಿಯ ಮಗ ಬಂದು ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಕೊಟ್ಟ.

ಫೋಟೊಶಾಪ್ ಮಾಡುವ ಅಡೋಬಿ ಕಂಪನಿಯ ಮೇಲೆ ನನ್ನ ಸಿಟ್ಟಿಲ್ಲ. 2013ರಿಂದ ಅವರು ಹೊಸ ಆವೃತ್ತಿಗಳನ್ನು ಚಂದಾ ಲೆಕ್ಕದಲ್ಲೇ ಕೊಡುತ್ತಾರೆ. ಅವರ ಮಾಲು, ಅವರ ದರ. ದೊಡ್ಡ ಸ್ಟುಡಿಯೊ ಇದ್ದವರು ಕಟ್ಟಲಿ, ಕಟ್ಟಿದ್ದು ಗಿಟ್ಟುತ್ತದೆ ಕೂಡ. ವಾರಕ್ಕೆ ಹತ್ತಿಪ್ಪತ್ತು ಸೀರೆಯ ಫೋಟೊ ತಿದ್ದುವವರು ತಿಂಗಳು ತಿಂಗಳು ಚಂದಾ ಕಟ್ಟುವುದು ಆಗದ ಮಾತು. ಆಗದಿದ್ದರೆ ಕದಿಯಬೇಕು ಅನ್ನುವುದೇ ನಮ್ಮಲ್ಲಿ ಪಾಠ ಆಗಿಬಿಟ್ಟಿದೆ. ಉಚಿತವಾಗಿ, ನ್ಯಾಯವಾಗಿ ಸಿಗುವುದು ಒಂದಿದೆ ಅಂತ ಆ ಕ್ಲಾಸಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಅದೇ ಜಿಂಪ್. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ಹುಡುಗರು 1995ರಲ್ಲಿ ಶುರು ಮಾಡಿದ್ದು. 1996ರಲ್ಲಿ ಎಲ್ಲರಿಗೂ ಬಿಟ್ಟರು. ಆಮೇಲೆ ಬೇರೆ ಬೇರೆ ದೇಶದವರು ಸೇರಿ ಇಂದಿನವರೆಗೂ ಬೆಳೆಸಿಕೊಂಡು ಬಂದಿದ್ದಾರೆ. 2025ರ ಮಾರ್ಚ್‌ನಲ್ಲಿ 3.0 ಆವೃತ್ತಿ ಬಂತು. ಮನೆಯಲ್ಲಿ ಬಳಸಿ, ವ್ಯಾಪಾರಕ್ಕೆ ಬಳಸಿ, ಕಾಸು ಕೊಡಬೇಕಿಲ್ಲ. ಪೆನ್‌ಡ್ರೈವಿನಲ್ಲಿ ಪಕ್ಕದ ಮನೆಯವರಿಗೆ ಕೊಟ್ಟರೂ ಕಳವಲ್ಲ, ಅದರ ಲೈಸೆನ್ಸೇ ಹಾಗಿದೆ. ಒಂದು ಎಚ್ಚರ ಮಾತ್ರ ಬೇಕು. ಜಿಂಪ್ ಡಾಟ್ ಆರ್ಗ್ ಅನ್ನುವ ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಗೂಗಲ್ ಮಾಡಿದಾಗ ಮೇಲೆ ಬರುವ ಜಾಹೀರಾತು ಒತ್ತಬೇಡಿ.

ಇಳಿಸಿಕೊಂಡ ಮಾತ್ರಕ್ಕೆ ಬರುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೊದಲ ದಿನ ಜಿಂಪ್ ಯಾರನ್ನೂ ಒಳಗೆ ಕರೆಯುವುದಿಲ್ಲ. ತೆರೆದರೆ ಕಪ್ಪು ಬಣ್ಣದ ಪರದೆ, ಎರಡೂ ಬದಿಗೆ ಸಣ್ಣ ಸಣ್ಣ ಚಿತ್ರಗಳು. ಕೈ ತಪ್ಪಿ ಟ್ಯಾಬ್ ಕೀ ತಗುಲಿತೋ, ಎರಡೂ ಬದಿಯ ಪಟ್ಟಿಗಳು ಮಾಯ! ಮತ್ತೆ ಟ್ಯಾಬ್ ಒತ್ತಿದರೆ ಬರುತ್ತವೆ, ಆದರೆ ಅದನ್ನು ಹೇಳುವವರು ಬೇಕಲ್ಲ. ಇನ್ನೊಂದು ಇನ್ನೂ ತಲೆ ತಿನ್ನುತ್ತದೆ. ಬ್ರಷ್ ಹಿಡಿದು ಎಷ್ಟು ಉಜ್ಜಿದರೂ ಬಣ್ಣ ಹತ್ತುವುದಿಲ್ಲ. ಕಾರಣ ಇಷ್ಟೇ, ಎಲ್ಲೋ ಒಂದು ಮೂಲೆಯಲ್ಲಿ ಕಾಣದಷ್ಟು ಚಿಕ್ಕ ಜಾಗ ಸೆಲೆಕ್ಟ್ ಆಗಿ ಉಳಿದಿರುತ್ತದೆ. ಜಿಂಪ್ ಆ ಜಾಗದ ಹೊರಗೆ ಬಣ್ಣ ಹಚ್ಚುವುದಿಲ್ಲ. ಸೆಲೆಕ್ಟ್ ಮೆನುವಿನಲ್ಲಿ ‘ನನ್’ (None) ಒತ್ತಿದರೆ ಮುಗಿಯಿತು. ಇಂಥ ಚಿಕ್ಕ ಗಂಟುಗಳಲ್ಲೇ ಜನ ಬೇಸತ್ತು ಬಿಟ್ಟುಹೋಗುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಸೇವ್ ಹತ್ತಿರ. ಫೋಟೊ ತಿದ್ದಿ ಸೇವ್ ಕೊಟ್ಟರೆ ಎಕ್ಸ್‌ಸಿಎಫ್ ಅನ್ನುವ ಫೈಲ್ ಆಗುತ್ತದೆ. ಅದು ವಾಟ್ಸಾಪಿನಲ್ಲಿ ಫೋಟೊ ಆಗಿ ಹೋಗುವುದಿಲ್ಲ, ಗಿರಾಕಿಯ ಫೋನಿನಲ್ಲಿ ತೆರೆಯುವುದೂ ಇಲ್ಲ. ತಂಗಿಯ ಮಗ ಒಂದೇ ಮಾತಿನಲ್ಲಿ ಬಿಡಿಸಿ ಹೇಳಿದ: ‘ದೊಡ್ಡವ್ವ, ಸೇವ್ ಅಂದ್ರ ನಿನ್ನ ಸಲುವಾಗಿ, ಎಕ್ಸ್‌ಪೋರ್ಟ್ ಅಂದ್ರ ಗಿರಾಕಿ ಸಲುವಾಗಿ’. ಸೇವ್ ಮಾಡಿದ್ದರಲ್ಲಿ ಲೇಯರ್‌ಗಳೆಲ್ಲ (ಒಂದರ ಮೇಲೊಂದು ಇಟ್ಟ ಪದರಗಳು) ಹಾಗೇ ಉಳಿಯುತ್ತವೆ, ನಾಳೆ ಮತ್ತೆ ತಿದ್ದಬಹುದು. ಎಕ್ಸ್‌ಪೋರ್ಟ್ ಮಾಡಿದ್ದು ಜೆಪೆಗ್, ಅದನ್ನು ಕಳಿಸಬಹುದು. ಅವನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಕ್ಲಾಸಿನ ಮಾಸ್ತರರಿಗಿಂತ ಇವನು ಚೆನ್ನಾಗಿ ಕಲಿಸ್ತಾನೆ, ಯಾಕೆಂದರೆ ಮೌಸ್ ನನ್ನ ಕೈಯಿಂದ ಕಸಿದುಕೊಳ್ಳುವುದಿಲ್ಲ.

ಈಗ ಬಣ್ಣದ ವಿಷಯ. ನನ್ನ ಹೊಟ್ಟೆಪಾಡು ಇರುವುದೇ ಅದರಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಸೀರೆಯನ್ನು ಕಿಟಕಿಯ ಹತ್ತಿರ ಹಾಸುತ್ತೇನೆ. ಬಲ್ಬ್ ಆರಿಸುತ್ತೇನೆ, ಎರಡು ಥರದ ಬೆಳಕು ಸೇರಿದರೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿ ಮಾಡಲಾರದು. ಸೆರಗಿನ ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡುತ್ತೇನೆ, ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ4 ಹಾಳೆಯೇ ಸಾಕು. ಹಾಳೆಯ ಮೇಲೆ ಬಿಸಿಲು ನೇರ ಬಿದ್ದು ಕಣ್ಣು ಕುಕ್ಕುವಂತೆ ಇರಬಾರದು. ಫೋಟೊವನ್ನು ಜಿಂಪ್‌ನಲ್ಲಿ ತೆರೆದು ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್‌ಗೆ ಹೋಗಬೇಕು. ಅಲ್ಲಿ ಗುಡ್ಡದ ಆಕಾರದ ಒಂದು ನಕ್ಷೆ ಬರುತ್ತದೆ, ಜೊತೆಗೆ ಮೂರು ಡ್ರಾಪರ್‌ಗಳು (ಫೋಟೊದಿಂದ ಬಣ್ಣ ಆರಿಸುವ ಗುರುತುಗಳು): ಕಪ್ಪು, ಬೂದು, ಬಿಳಿ. ಬಿಳಿಯದನ್ನು ಹಿಡಿದು ಹಾಳೆಯ ಮೇಲೆ ಒತ್ತಬೇಕು. ಬೆಳಕಿನಿಂದ ಬಂದ ಛಾಯೆ ಒಮ್ಮೆಗೇ ಇಳಿದು ಸೀರೆ ತನ್ನ ಬಣ್ಣಕ್ಕೆ ಬರುತ್ತದೆ. ಇಷ್ಟು ಬಿಳಿ ಅಂತ ಒಂದು ಜಾಗ ತೋರಿಸಿದ್ದೇವೆ, ಅದಕ್ಕೆ ತಕ್ಕಂತೆ ಕೆಂಪು, ಹಸಿರು, ನೀಲಿ ಮೂರನ್ನೂ ಅದು ಹೊಂದಿಸಿಕೊಳ್ಳುತ್ತದೆ. ಜರಿ ಮಿಂಚಿ ಬೆಳ್ಳಗಾಗಿಬಿಟ್ಟರೆ ಬಿಳಿ ಬಿಟ್ಟು ನಡುವಿನ ಬೂದು ಡ್ರಾಪರ್ ಹಿಡಿದು ನೋಡಿ.

ಒಂದೇ ಕಿಟಕಿ, ಒಂದೇ ಹೊತ್ತಿನಲ್ಲಿ ತೆಗೆದ ಫೋಟೊಗಳಾದರೆ ಮೊದಲನೆಯದಕ್ಕೆ ಮಾಡಿದ ಲೆವೆಲ್ಸನ್ನು ಪ್ರಿಸೆಟ್ ಅಂತ ಹೆಸರು ಕೊಟ್ಟು ಇಟ್ಟುಕೊಳ್ಳಬಹುದು. ಉಳಿದವಕ್ಕೆ ಅದನ್ನೇ ಹಾಕಿದರಾಯಿತು. 3.0ದಲ್ಲಿ ಇನ್ನೊಂದು ಅನುಕೂಲ ಇದೆ. ಲೆವೆಲ್ಸ್‌ನಂಥ ತಿದ್ದುಪಡಿ ಫೋಟೊದೊಳಗೆ ಕರಗಿಹೋಗದೆ ಬೇರೆಯಾಗಿ ಉಳಿಯುತ್ತದೆ. ಲೇಯರ್ ಪಟ್ಟಿಯಲ್ಲಿ ಎಫ್‌ಎಕ್ಸ್ ಗುರುತು ಒತ್ತಿ ಬೇಕಾದಾಗ ಬದಲಿಸಬಹುದು, ತೆಗೆದೇ ಹಾಕಬಹುದು. ಮೊದಲು ಹಾಗಿರಲಿಲ್ಲವಂತೆ. ಕಲಿಯುವವರಿಗೆ ಇದರಿಂದ ಧೈರ್ಯ ಬರುತ್ತದೆ.

ಪಟ್ಟೆದಂಚಿನ ಸಣ್ಣ ಚೌಕಳಿಗೆ ಬೇರೆಯೇ ಕಾಟ. ದೊಡ್ಡ ಫೋಟೊವನ್ನು ಚಿಕ್ಕದು ಮಾಡಿದಾಗ ಚೌಕಳಿಯ ಮೇಲೆ ಅಲೆ ಅಲೆಯಾಗಿ ಇಲ್ಲದ ಗೆರೆಗಳು ಮೂಡುತ್ತವೆ. ಗಿರಾಕಿ ಅದನ್ನೇ ನೇಯ್ಗೆ ಅಂದುಕೊಳ್ಳುತ್ತಾರೆ! ಸ್ಕೇಲ್ ಇಮೇಜ್ ಮಾಡುವಾಗ ಕೆಳಗೆ ಇಂಟರ್‌ಪೊಲೇಶನ್ ಅಂತ ಒಂದು ಆಯ್ಕೆ ಇರುತ್ತದೆ. ಅಲ್ಲಿ ‘ನನ್’ ಇದ್ದರೆ ಬದಲಿಸಿ, ನೋಹ್ಯಾಲೊ ಅಥವಾ ಲೋಹ್ಯಾಲೊ ಹಾಕಿ ನೋಡಿ. ಅಲೆ ಬಹಳಮಟ್ಟಿಗೆ ಕಡಿಮೆ ಆಗುತ್ತದೆ. ಇಂಥದ್ದನ್ನು ಯಾವ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ. ಅಲ್ಲಿ ಹೇಳಿಕೊಡುವುದು ಮದುಮಗಳ ಮುಖ ಬೆಳ್ಳಗೆ ಮಾಡುವುದು, ಹಿಂದೆ ತಾಜ್ ಮಹಲ್ ಕೂರಿಸುವುದು.

ಮುಖ ಬೆಳ್ಳಗೆ ಮಾಡುವ ಮಾತು ಬಂತು, ಹೇಳಿಬಿಡುತ್ತೇನೆ. ಜಿಂಪ್‌ನಲ್ಲಿ ಹೀಲ್ ಅನ್ನುವ ಉಪಕರಣ ಇದೆ. ಕಲೆ, ಚುಕ್ಕೆ, ಗೋಡೆಯ ಮೊಳೆ ಎಲ್ಲವನ್ನೂ ಗುರುತು ಸಿಗದಂತೆ ಅಳಿಸುತ್ತದೆ. ಕಂಟ್ರೋಲ್ ಹಿಡಿದು ಚೊಕ್ಕ ಇರುವ ಜಾಗ ಒತ್ತಿ, ಆಮೇಲೆ ಕಲೆಯ ಮೇಲೆ ಸವರಿದರಾಯಿತು. ಗೋಡೆಯ ಮೊಳೆ ಅಳಿಸಿ, ಯಾರೂ ಬೇಡ ಅನ್ನುವುದಿಲ್ಲ. ಸೀರೆಯಲ್ಲಿ ಎಳೆ ತಪ್ಪಿದ್ದರೆ ಅದನ್ನು ಅಳಿಸಬಾರದು. ನಾನಂತೂ ಅಂಥ ಜಾಗ ದೊಡ್ಡದು ಮಾಡಿ ಬೇರೆ ಫೋಟೊ ಕಳಿಸ್ತೇನೆ, ರೇಟು ಇಳಿಸಿ ಹೇಳ್ತೇನೆ. ಗಿರಾಕಿಗಳು ಅದಕ್ಕೇ ಮತ್ತೆ ಬರ್ತಾರೆ.

ಇನ್ನು ಕನ್ನಡ ಬರೆಯುವುದು. ಕ್ಲಾಸಿನಲ್ಲಿದ್ದ ಹಳೆಯ ಫೋಟೊಶಾಪ್‌ನಲ್ಲಿ ಯೂನಿಕೋಡ್ ಕನ್ನಡ (ಫೋನಿನಲ್ಲಿ ನಾವು ಬರೆಯುವಂಥದ್ದು) ಹಾಕಿದರೆ ಒತ್ತಕ್ಷರ ಒಡೆದು ಬರುತ್ತಿತ್ತು. ಹುಬ್ಬಳ್ಳಿ ಅಂತ ಬರೆದರೆ ‘ಹುಬ್‌ಬಳ್‌ಳಿ’. ಅದಕ್ಕೆ ಅವರ ಉಪಾಯ: ಬೇರೆ ಕಡೆ ಟೈಪ್ ಮಾಡಿ, ಹಳೆಯ ಫಾಂಟಿಗೆ ಕನ್ವರ್ಟ್ ಮಾಡಿ, ಕಾಪಿ ಹೊಡೆದು ತಂದು ಅಂಟಿಸಿ. ಹೊಸ ಫೋಟೊಶಾಪ್‌ನಲ್ಲಿ ಈ ತೊಂದರೆ ಬಗೆಹರಿಸಿಕೊಳ್ಳಲು ದಾರಿ ಇದೆ, ಅದು ಬೇರೆ ಮಾತು. ಜಿಂಪ್‌ನಲ್ಲಿ ವಿಂಡೋಸ್‌ನ ಕನ್ನಡ ಕೀಬೋರ್ಡ್ ಹಾಕಿಕೊಂಡು ನೇರ ಬರೆದರೆ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಫಾಂಟುಗಳೂ ಉಚಿತವಾಗಿ ಬೇಕಾದಷ್ಟಿವೆ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಟೀರೊ ಕನ್ನಡ ಇವೆ. ಹುಬ್ಬಳ್ಳಿ ಅನ್ನುವ ಹೆಸರಿನದೇ ಒಂದು ಕನ್ನಡ ಫಾಂಟ್ ಇದೆ, ನಮ್ಮ ಕಡೆಯವರಿಗೇ ಗೊತ್ತಿಲ್ಲ! ಸೀರೆಯ ಹೆಸರು, ರೇಟು ಬರೆಯಲು ನಾನು ಅದನ್ನೇ ಬಳಸುವುದು. ಕೈಬರಹದ ಹಾಗೆ ಸಲೀಸಾಗಿ ಕಾಣುತ್ತದೆ.

ಲೇಯರ್ ಅನ್ನುವುದು ಹೊಸಬರಿಗೆ ಗಾಬರಿ ಹುಟ್ಟಿಸುತ್ತದೆ. ಗದಗಿನವರಿಗೆ ಅದು ಕಷ್ಟ ಆಗಬಾರದು. ಇದು ಅಚ್ಚಿನ ಮನೆಗಳ ಊರು. ಲಗ್ನಪತ್ರಿಕೆ ಸ್ಕ್ರೀನ್ ಪ್ರಿಂಟ್ ಮಾಡುವಾಗ ಬಣ್ಣಕ್ಕೊಂದು ಸ್ಕ್ರೀನ್ ಇಡುವುದನ್ನು ನೋಡಿದವರಿಗೆ ಲೇಯರ್ ಅರ್ಧ ಗೊತ್ತಿದ್ದಂತೆಯೇ. ಸೀರೆಯ ಫೋಟೊ ಕೆಳಗೆ, ಹೆಸರು ಅದರ ಮೇಲೆ, ರೇಟು ಅದರ ಮೇಲೆ. ರೇಟು ಬದಲಾದರೆ ರೇಟಿನ ಲೇಯರ್ ಒಂದನ್ನೇ ಮುಟ್ಟಿದರೆ ಸಾಕು.

ಜಿಂಪ್‌ನ ಕೊರತೆಗಳನ್ನೂ ಹೇಳಬೇಕು, ಇಲ್ಲದಿದ್ದರೆ ಓದಿದವರು ನಾಳೆ ನನ್ನನ್ನು ಬೈಯುತ್ತಾರೆ. ಒಂದು ಉಂಗುರದ ಗೆರೆ ಎಳೆಯಲು ಸೀದಾ ದಾರಿ ನಾನು ಬಳಸುವ 3.0ದಲ್ಲಿ ಇಲ್ಲ. ಮೊದಲು ಎಲಿಪ್ಸ್ ಸೆಲೆಕ್ಟ್ ಮಾಡಿ, ಆಮೇಲೆ ಎಡಿಟ್ ಮೆನುವಿನಲ್ಲಿ ಸ್ಟ್ರೋಕ್ ಸೆಲೆಕ್ಷನ್ ಕೊಡಬೇಕು. ಇಷ್ಟು ಸುತ್ತು ಯಾಕೋ! ಲೋಗೊ ಮಾಡುವುದಾದರೆ ಇಂಕ್‌ಸ್ಕೇಪ್ ಅಂತ ಬೇರೆ ಇದೆ, ಅದೂ ಉಚಿತ. ಅಚ್ಚಿಗೆ ಕೊಡುವ ಸಿಎಂವೈಕೆ, ಅಂದರೆ ನಾಲ್ಕು ಶಾಯಿಯ ಲೆಕ್ಕದ ಕೆಲಸದಲ್ಲಿ ಜಿಂಪ್ ಈಗೀಗ ಸುಧಾರಿಸುತ್ತಿದೆ, ಆದರೂ ಪ್ರೆಸ್ಸಿನವರು ಕೋರಲ್ ಫೈಲೇ ಕೇಳುತ್ತಾರೆ. ಯೂಟ್ಯೂಬ್ ನೋಡಿ ಕಲಿಯೋಣ ಅಂದರೆ ನನಗೆ ಸಿಕ್ಕಿದ್ದರಲ್ಲಿ ಹಿಂದಿ, ಇಂಗ್ಲಿಷಿನವೇ ಜಾಸ್ತಿ. ಹಳೆಯ ಆವೃತ್ತಿಯ ವಿಡಿಯೊಗಳಲ್ಲಿ ಮೆನು, ಉಪಕರಣ ಇರುವ ಜಾಗವೇ ಬೇರೆ. ಅವಸರಕ್ಕೆ ಫೋನಿನ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು, ಅದನ್ನೂ ನಾನು ಬಳಸ್ತೇನೆ. ಆದರೆ ನಿಧಾನಕ್ಕೆ ಕೂತು, ಲೇಯರ್ ಇಟ್ಟುಕೊಂಡು ಮಾಡುವ ಕೆಲಸ ಅದರಲ್ಲಿ ಆಗುವುದಿಲ್ಲ.

‘ಕೆಲಸಕ್ಕೆ ಹೋದರೆ ಫೋಟೊಶಾಪ್ ಬರುತ್ತದಾ ಅಂತಾನೇ ಕೇಳ್ತಾರೆ, ಜಿಂಪ್ ಕಲಿತು ಏನು ಮಾಡೋದು?’ ಇದು ಕ್ಲಾಸಿನವರ ಉತ್ತರ. ಅರ್ಧ ನಿಜ. ಫ್ಲೆಕ್ಸ್ ಅಂಗಡಿಯಲ್ಲಿ, ಸ್ಟುಡಿಯೊದಲ್ಲಿ ಹಾಗೇ ಕೇಳುತ್ತಾರೆ. ಆದರೆ ಲೇಯರ್, ಮಾಸ್ಕ್, ಲೆವೆಲ್ಸ್, ಕರ್ವ್ಸ್ ಎರಡರಲ್ಲೂ ಇವೆ. ಒಂದರಲ್ಲಿ ಕೈ ಪಳಗಿದವರು ಇನ್ನೊಂದಕ್ಕೆ ಹೋದಾಗ ಮೆನು ಹುಡುಕಬೇಕಾಗುತ್ತದೆ ಅಷ್ಟೇ, ಕೆಲಸ ಹೊಸದಾಗಿ ಕಲಿಯಬೇಕಿಲ್ಲ. ಅಲ್ಲದೆ ಎಲ್ಲರೂ ಸ್ಟುಡಿಯೊಗೆ ಕೆಲಸಕ್ಕೆ ಹೋಗುವವರಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪುಡಿ ಪ್ಯಾಕ್ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಧಾರವಾಡದಲ್ಲಿ ಮನೆಯಲ್ಲೇ ಕಸೂತಿ ಹಾಕಿ ಮಾರುವವರಿದ್ದಾರೆ. ಇವರೆಲ್ಲ ತಮ್ಮ ಮಾಲಿನ ಫೋಟೊ ತಾವೇ ಸರಿ ಮಾಡಿಕೊಂಡರೆ ಸಾಕು. ಅದಕ್ಕೆ ಕಳ್ಳ ಪ್ರತಿ ಯಾಕೆ ಬೇಕು?

ಕೇರಳದ ಸರ್ಕಾರಿ ಶಾಲೆಗಳಲ್ಲಿ ಇದನ್ನು ಎಂದೋ ಮಾಡಿ ತೋರಿಸಿದ್ದಾರೆ. 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಈಗ ಕೈಟ್ ಅನ್ನುವ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿನ ಶಾಲೆಯ ಕಂಪ್ಯೂಟರುಗಳಲ್ಲಿ ಉಚಿತ ಮುಕ್ತ ತಂತ್ರಾಂಶವೇ. ಮಕ್ಕಳ ಐಟಿ ಪಠ್ಯಪುಸ್ತಕದಲ್ಲಿ ಜಿಂಪ್ ಪಾಠವೇ ಇದೆ. ಪಕ್ಕದ ರಾಜ್ಯದ ಶಾಲೆ ಹುಡುಗರು ಕಲಿತಿದ್ದನ್ನು ನಮ್ಮಲ್ಲಿ ದುಡ್ಡು ಕೊಟ್ಟರೂ ಕಲಿಸುವವರಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ನಮ್ಮ ಜಿಲ್ಲೆಯ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗಿವೆ. ಕಂಪ್ಯೂಟರ್ ಇರುವ ಕಡೆಗಳಲ್ಲಿ ಜಿಂಪ್ ಹಾಕಿಸಿ. ಒಂದು ಪೈಸೆ ಖರ್ಚಿಲ್ಲ, ಟೆಂಡರ್ ಕರೆಯಬೇಕಿಲ್ಲ. ನೇಕಾರರಿಗೆ, ಸ್ವಸಹಾಯ ಸಂಘಗಳಿಗೆ ಸರ್ಕಾರ ತರಬೇತಿ ಕೊಡುವಾಗ ಮಾಲಿನ ಫೋಟೊ ತೆಗೆಯುವುದು, ತಿದ್ದುವುದು ಒಂದು ಪಾಠ ಆಗಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಜಿಂಪ್ ಪಾಠಗಳು ಉಚಿತವಾಗಿ ಇವೆ, ಕಲಿಸುವವರಿಗೆ ಅವು ಆಧಾರ ಆದಾವು. ಸರ್ಕಾರದ ಅನುದಾನ ಪಡೆದು ಕಂಪ್ಯೂಟರ್ ಕಲಿಸುವ ಕೇಂದ್ರಗಳಲ್ಲಿ ಯಾವ ಪ್ರತಿ ಹಾಕಿದ್ದಾರೆ ಅಂತ ಅಧಿಕಾರಿಗಳು ಒಮ್ಮೆ ಹೋಗಿ ನೋಡಲಿ. ಬರೀ ಹಾಜರಿ ಪುಸ್ತಕ ನೋಡಿ ಬರುವುದಲ್ಲ.

ಊರಿನ ಅಚ್ಚಿನ ಮನೆಯವರಲ್ಲೂ ಒಂದು ಮಾತು. ಜಿಂಪ್‌ಗೆ ಕನ್ನಡದಲ್ಲಿ ನಾಲ್ಕು ಪುಟದ ಒಂದು ಕೈಪಿಡಿ ಬೇಕಾಗಿದೆ. ಮೆನುವಿನ ಇಂಗ್ಲಿಷ್ ಹೆಸರು ಕನ್ನಡ ಅಕ್ಷರದಲ್ಲಿ, ಪಕ್ಕದಲ್ಲಿ ಅದು ಮಾಡುವ ಕೆಲಸ, ಒಂದು ಚಿತ್ರ. ಟ್ಯಾಬ್ ಒತ್ತಿದರೆ ಏನಾಗುತ್ತದೆ, ಬ್ರಷ್ ಯಾಕೆ ಹತ್ತುವುದಿಲ್ಲ, ಸೇವ್ ಯಾವುದು, ಎಕ್ಸ್‌ಪೋರ್ಟ್ ಯಾವುದು, ಇಷ್ಟು ಇದ್ದರೂ ಸಾಕು. ನನಗೋಸ್ಕರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಅಚ್ಚು ಹಾಕುವವರಿದ್ದರೆ ಹಾಗೇ ಕೊಡುತ್ತೇನೆ, ನನ್ನ ಹೆಸರು ಹಾಕುವುದೂ ಬೇಡ.

ಬೆಟಗೇರಿಯಲ್ಲಿ ಯಾವುದಾದರೂ ಸಂಘದವರು ಒಂದು ಕೋಣೆ, ಎರಡು ಕಂಪ್ಯೂಟರ್ ಕೊಟ್ಟರೆ ಭಾನುವಾರ ಮಧ್ಯಾಹ್ನ ನಾನೇ ಬಂದು ಕೂರುತ್ತೇನೆ. ನನಗೆ ಗೊತ್ತಿರುವುದು ಕಟ್ ಮಾಡುವುದು, ಬಣ್ಣ ಸರಿ ಮಾಡುವುದು, ಕನ್ನಡ ಬರೆಯುವುದು, ಎಕ್ಸ್‌ಪೋರ್ಟ್ ಮಾಡುವುದು, ಇಷ್ಟೇ. ಅಷ್ಟನ್ನು ಹೇಳಿಕೊಡಬಲ್ಲೆ. ಫೀ ಇಲ್ಲ, ಸರ್ಟಿಫಿಕೇಟೂ ಇಲ್ಲ. ಬರುವವರು ತಮ್ಮ ಮಾಲಿನ ನಾಲ್ಕು ಫೋಟೊ ಫೋನಿನಲ್ಲಿ ತೆಗೆದುಕೊಂಡು ಬರಲಿ, ಪಕ್ಕದಲ್ಲಿ ಬಿಳಿ ಹಾಳೆ ಇಟ್ಟು ತೆಗೆದಿರಲಿ. ಫೋನಿನ ಕೇಬಲ್ ತರುವುದು ಮರೆಯಬೇಡಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಬರೀ ಚಾರ್ಜ್ ಆಗುತ್ತದೆ, ಫೋಟೊ ಕಂಪ್ಯೂಟರಿಗೆ ಹೋಗುವುದಿಲ್ಲ. ಮನೆಯಲ್ಲೇ ಒಮ್ಮೆ ಹಾಕಿ ನೋಡಿಕೊಂಡು ಬನ್ನಿ.

– ಸೀರೆ ಮಾರುವ ಒಬ್ಬ ಓದುಗಿತ್ತಿ
ಬೆಟಗೇರಿ, ಗದಗ